ಮಣ್ಣಿನ ಹಸಿವೂ ಮತಗಳ ಕಲಹವೂ

ಮೈಸೂರಿನ ಪಶ್ಚಿಮಕ್ಕೆ, ಮಾನಸಗಂಗೋತ್ರಿಯನ್ನು ದಾಟಿ ಗದ್ದಿಗೆಯ ಕಡೆಗೆ ಹೋಗುವ ಹಾದಿಯಲ್ಲಿರುವ ಬೋಗಾದಿಯು ಹಿಂದೆ ಮಳೆಯನ್ನೇ ನಂಬಿ ರಾಗಿ, ಅವರೆ, ಹುರುಳಿಗಳನ್ನು ಬೆಳೆಯುತ್ತಿದ್ದ ಕೆಮ್ಮಣ್ಣಿನ ಹಳ್ಳಿ. ಇಂದು ಆ ಹೊಲಗಳ ಮೇಲೆ ಬಡಾವಣೆಗಳು ಎದ್ದು, ಪಟ್ಟಣ ಪಂಚಾಯಿತಿಯ ಪದವಿಯನ್ನೂ ಪಡೆದು, ಅದು ನಗರದ ಅಂಗವೇ ಆಗಿಹೋಗಿದೆ. ಉಳುವವರು ವಿರಳವಾಗಿ ಉಣ್ಣುವವರು ಅಧಿಕವಾದ ಇಂತಹ ಊರುಗಳಲ್ಲಿಯೇ ಬೇಸಾಯದ ರೀತಿಯನ್ನು ಕುರಿತ ವಾದ ಬಹು ಬಿಸಿಯಾಗಿ ನಡೆದಿರುವುದು ಗಮನಿಸತಕ್ಕ ಸಂಗತಿ. ಸಾವಯವವೆಂಬ ಚೀಟಿ ಅಂಟಿಸಿದ ಸೊಪ್ಪಿಗೆ ಹೆಚ್ಚಿನ ಬೆಲೆ ತೆರುವ ಗೃಹಸ್ಥರಿಗೆ ರಾಸಾಯನಿಕವೆಂದರೆ ವಿಷ. ನಾಲೆಯ ಬಯಲಿನಲ್ಲಿ ಭತ್ತ ಬೆಳೆಯುವ ರೈತನಾದರೋ ಯೂರಿಯಾ ಸಕಾಲಕ್ಕೆ ದೊರೆಯದಿದ್ದರೆ ಬೆಳೆ ಕೈಬಿಟ್ಟಿತೆಂದು ಸೊಸೈಟಿಯ ಮುಂದೆ ಹೊತ್ತು ಮೂಡುವ ಮೊದಲೇ ಸಾಲುಗಟ್ಟುತ್ತಾನೆ. ಇವರಲ್ಲಿ ಒಬ್ಬರನ್ನು ಪುಣ್ಯವಂತರೆಂದೂ ಮತ್ತೊಬ್ಬರನ್ನು ಪಾಪಿಗಳೆಂದೂ ವಿಂಗಡಿಸುವ ಧಾಟಿ ನಮ್ಮ ಸಾರ್ವಜನಿಕ ಚರ್ಚೆಯನ್ನು ಕೆಡಿಸಿದೆ.

ಸಾವಯವ ಪಕ್ಷದ ಹಿರಿಮೆಯನ್ನು ನಾನು ಅಲ್ಲಗಳೆಯುವವನಲ್ಲ. ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು ತಮ್ಮ ತೋಟವನ್ನೇ ಪಾಠಶಾಲೆಯನ್ನಾಗಿ ಮಾಡಿ, ಸಾಲದ ಭಾರದಿಂದ ಕುಗ್ಗಿದ್ದ ಅಸಂಖ್ಯ ರೈತರಿಗೆ ಧೈರ್ಯ ತುಂಬಿದರು. ಮಂಡ್ಯ ಜಿಲ್ಲೆಯ ಕಿರುಗಾವಲಿನ ಸೈಯದ್ ಘನಿ ಖಾನ್ ಅವರು ನಷ್ಟವಾಗುತ್ತಿದ್ದ ನೂರಾರು ಭತ್ತದ ತಳಿಗಳನ್ನು ಹುಡುಕಿ ತಂದು ಕಾಪಾಡಿದರು. ಸುಭಾಷ್ ಪಾಳೇಕರರ ಶೂನ್ಯ ಬಂಡವಾಳದ ಕೃಷಿಗೆ ರೈತಸಂಘದ ಕಾರ್ಯಕರ್ತರು ಈ ನಾಡಿನಲ್ಲಿ ವ್ಯಾಪಕ ಪ್ರಚಾರ ನೀಡಿದರು. 2004ರಲ್ಲಿ ಕರ್ನಾಟಕ ಸರ್ಕಾರವು ಸಾವಯವ ಕೃಷಿ ನೀತಿಯೊಂದನ್ನು ಪ್ರಕಟಿಸಿದ್ದು ಇಂತಹವರ ದುಡಿಮೆಯ ಫಲ. ಹೊರಗಿನಿಂದ ಕೊಳ್ಳುವುದು ಹೆಚ್ಚಿದಷ್ಟೂ ರೈತನು ಪರಾಧೀನನಾಗುತ್ತಾನೆಂಬ ಅವರ ಎಚ್ಚರಿಕೆಯನ್ನು ಅನುಭವವು ಸತ್ಯವೆಂದೇ ಸ್ಥಾಪಿಸಿದೆ.

ಆದಾಗ್ಯೂ ವಿಜ್ಞಾನದ ಬೇಸಾಯವು ಪರದೇಶದ ಕಂಪನಿಗಳು ನಮ್ಮ ಮೇಲೆ ಹೇರಿದ ಪೀಡೆಯೆಂದು ಸಾರುವುದು ಇತಿಹಾಸಕ್ಕೆ ಮಾಡುವ ಅಪಚಾರ. ಮೈಸೂರಿಗೆ ಕೂಗಳತೆಯಲ್ಲಿರುವ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟ್ ತಯಾರಿಸುವ ಕಾರ್ಖಾನೆ ಸ್ವಾತಂತ್ರ್ಯಪೂರ್ವದಲ್ಲಿಯೇ ತಲೆಯೆತ್ತಿತು; ಅದಕ್ಕೂ ಮುನ್ನ ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣದಿಂದ ಮಲೆನಾಡಿನ ತೋಟಗಳನ್ನು ಉಳಿಸುವ ಮಾರ್ಗ ತೋರಿದರು. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಸೃಷ್ಟಿಸಿದುದರಿಂದ ಬಡವನ ಮುದ್ದೆ ದೊಡ್ಡದಾಯಿತು. ಇವರಾರೂ ಭೂಮಿತಾಯಿಗೆ ದ್ರೋಹ ಬಗೆದವರಲ್ಲ. 1965 ಮತ್ತು 66ರ ಬರಗಾಲಗಳಲ್ಲಿ ಅಮೆರಿಕದ ಗೋಧಿಯ ಹಡಗನ್ನು ಎದುರು ನೋಡುತ್ತಿದ್ದ ದೇಶವು ತನ್ನ ಕಾಲ ಮೇಲೆ ನಿಂತದ್ದು ನೀರಾವರಿ, ಹೊಸ ತಳಿ, ರಸಗೊಬ್ಬರಗಳ ಸಂಯೋಗದಿಂದ ಎಂಬುದನ್ನು ಹೊಟ್ಟೆ ತುಂಬಿದವರು ಮರೆಯಬಾರದು.

ಹಾಗಾದರೆ ದೋಷ ಎಲ್ಲಿದೆ? ಬೆಳೆಗೆ ಆಹಾರ ಕೊಡುವ ಪ್ರಶ್ನೆಯನ್ನೂ ಕೀಟವನ್ನು ಕೊಲ್ಲುವ ವಿಷದ ಪ್ರಶ್ನೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿರುವುದೇ ಈ ವಿವಾದದ ಮೂಲದೋಷವೆಂದು ನನ್ನ ದೃಢವಾದ ಅಭಿಪ್ರಾಯ. ಗಂಟನ್ನು ಬಿಚ್ಚಿ ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದರೆ, ಮೊದಲನೆಯದರಲ್ಲಿ ಸಾವಯವ ಪಕ್ಷವು ಪಟ್ಟು ಸಡಿಲಿಸಬೇಕಾಗುತ್ತದೆ. ಎರಡನೆಯದರಲ್ಲಿ ರಾಸಾಯನಿಕ ಪಕ್ಷವು ತಲೆ ತಗ್ಗಿಸಬೇಕಾಗುತ್ತದೆ.

ಮೊದಲು ಗೊಬ್ಬರದ ಲೆಕ್ಕ. ನೀರಾವರಿ ಭತ್ತದ ಒಂದು ಎಕರೆಗೆ ಸುಮಾರು 40 ಕಿಲೋ ಸಾರಜನಕ ಬೇಕೆಂಬುದು ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸು. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕವಿರುವುದರಿಂದ ಎರಡು ಚೀಲಗಳಲ್ಲಿ ಅದು ಒದಗುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಇರುವುದು ನೂರಕ್ಕೆ ಸುಮಾರು ಅರ್ಧ ಭಾಗ ಮಾತ್ರವಾದುದರಿಂದ 8 ಟನ್ನು, ಅಂದರೆ ಹದಿನೈದಕ್ಕೆ ಕಡಿಮೆಯಿಲ್ಲದಷ್ಟು ಎತ್ತಿನ ಗಾಡಿಯ ಗೊಬ್ಬರ ಬೇಕು, ಅದೂ ಪೂರ್ತಿಯಾಗಿ ಮೊದಲ ಬೆಳೆಗೇ ದಕ್ಕುವುದಿಲ್ಲ. ಟ್ರಾಕ್ಟರು ಬಂದು ಎತ್ತುಗಳು ಹೋಗಿ, ಕೊಟ್ಟಿಗೆಯಲ್ಲಿ ಒಂದೆರಡು ಕರೆಯುವ ಹಸುಗಳಷ್ಟೇ ಉಳಿದಿರುವ ಮನೆಯಲ್ಲಿ ಇಷ್ಟು ಗೊಬ್ಬರ ಎಲ್ಲಿಂದ ಬಂದೀತು? ಜೀವಾಮೃತವೇ ಸಾಕೆಂಬ ಉತ್ತರ ಸಿದ್ಧವಾಗಿರುತ್ತದೆ. ಹತ್ತು ಕಿಲೋ ಸಗಣಿ, ಹತ್ತು ಲೀಟರು ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು ಇವನ್ನು ಇನ್ನೂರು ಲೀಟರು ನೀರಿನಲ್ಲಿ ಕದಡಿ ಹುಳಿಯಿಟ್ಟು ಎಕರೆಗೆ ಉಣಿಸುವ ಈ ದ್ರಾವಣದಲ್ಲಿರುವ ಸಾರಜನಕವನ್ನೆಲ್ಲ ಕೂಡಿದರೂ ಕಾಲು ಕಿಲೋ ಆದೀತು. ಅದು ಸೂಕ್ಷ್ಮಜೀವಿಗಳನ್ನು ಪ್ರಚೋದಿಸುತ್ತದೆಂಬುದನ್ನು ಒಪ್ಪೋಣ. ಆದರೆ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿ ಇರುವುದನ್ನು ಬಿಡಿಸಿ ಕೊಡಬಲ್ಲವೇ ಹೊರತು, ಪ್ರತಿವರ್ಷ ಮೂಟೆ ಕಟ್ಟಿ ಮಂಡಿಗೆ ಸಾಗಿಸಿದ ರಂಜಕವನ್ನೂ ಪೊಟ್ಯಾಷನ್ನೂ ಶೂನ್ಯದಿಂದ ಸೃಷ್ಟಿಸಲಾರವು.

ಇಷ್ಟನ್ನು ಕೇಳಿ ಯೂರಿಯಾದ ಪಕ್ಷಪಾತಿಗಳು ಹಿಗ್ಗಬೇಕಾಗಿಲ್ಲ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೆಂಪು ನೆಲದಲ್ಲಿ ದಶಕಗಳಿಂದ ನಡೆದುಬಂದಿರುವ ಖುಷ್ಕಿ ರಾಗಿಯ ಪ್ರಯೋಗಗಳು ಸ್ಪಷ್ಟವಾಗಿ ತೋರಿಸಿರುವಂತೆ, ಬರಿಯ ರಸಗೊಬ್ಬರವನ್ನೇ ಹಾಕುತ್ತ ಬಂದ ತಾಕಿನ ಇಳುವರಿ ವರ್ಷಗಳು ಕಳೆದಂತೆ ಕುಸಿಯುತ್ತದೆ. ಕೊಟ್ಟಿಗೆ ಗೊಬ್ಬರದೊಡನೆ ರಸಗೊಬ್ಬರವನ್ನು ಸೇರಿಸಿದ ತಾಕು ಎಲ್ಲಕ್ಕಿಂತ ಹೆಚ್ಚಾಗಿಯೂ ಸ್ಥಿರವಾಗಿಯೂ ಬೆಳೆಯುತ್ತದೆ. ಹೀಗಿದ್ದೂ ಸರ್ಕಾರದ ನೀತಿ ರೈತನನ್ನು ಎತ್ತ ತಳ್ಳಿತು? 2010ರಲ್ಲಿ ಪೋಷಕಾಂಶಾಧಾರಿತ ಸಹಾಯಧನವನ್ನು ಜಾರಿಗೆ ತಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟದ್ದರ ಫಲವಾಗಿ, 45 ಕಿಲೋ ಯೂರಿಯಾ ಚೀಲ ₹270ರ ಒಳಗೆ ದೊರೆತರೆ 50 ಕಿಲೋ ಡಿ.ಎ.ಪಿ.ಗೆ ₹1,350 ತೆರಬೇಕಾಗಿದೆ. ಅಗ್ಗದ್ದನ್ನೇ ಅತಿಯಾಗಿ ಸುರಿದು ಪೈರು ಕಡುಹಸಿರಾಗಿ, ರೋಗಕ್ಕೂ ಕೀಟಕ್ಕೂ ಸುಲಭದ ತುತ್ತಾಗಿ, ಮತ್ತೆ ಔಷಧಿಯ ಅಂಗಡಿಗೆ ಓಡುವ ಚಕ್ರದಲ್ಲಿ ರೈತನು ಸಿಲುಕಿರುವುದಕ್ಕೆ ಅವನ ಅಜ್ಞಾನಕ್ಕಿಂತ ಈ ಬೆಲೆಪಟ್ಟಿಯೇ ದೊಡ್ಡ ಕಾರಣ.

ಇನ್ನು ವಿಷದ ಪ್ರಶ್ನೆ. ಇಲ್ಲಿ ನನಗೆ ಯಾವ ಸಂದೇಹವೂ ಇಲ್ಲ. ಕನ್ನಡ ತುಳು ಮಾತನಾಡುವ ಕಾಸರಗೋಡಿನ ಪಡ್ರೆ ಗ್ರಾಮದ ಸುತ್ತಲಿನ ಗೇರುತೋಟಗಳ ಮೇಲೆ ಕೇರಳದ ಸರ್ಕಾರಿ ನಿಗಮವು ಎರಡು ದಶಕಗಳಿಗೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಪತ್ರಕರ್ತ ಶ್ರೀಪಡ್ರೆಯವರು ಲೇಖನಿ ಹಿಡಿದು, ವೈದ್ಯ ಡಾ. ಮೋಹನ್ ಕುಮಾರ್ ಅವರು ತಮ್ಮ ಬಳಿಗೆ ಬಂದ ರೋಗಿಗಳ ಸ್ಥಿತಿಯನ್ನು ಮುಂದಿಟ್ಟು ಎಚ್ಚರಿಸುತ್ತಲೇ ಬಂದರು. ಆದರೂ ಸರ್ವೋಚ್ಚ ನ್ಯಾಯಾಲಯದ ನಿಷೇಧ ಬಂದದ್ದು 2011ರ ಮೇ ತಿಂಗಳಿನಲ್ಲಿ. ಅದೇ ವಿಷ ಬಿದ್ದ ನಮ್ಮದೇ ನಾಡಿನ ಕೊಕ್ಕಡದ ಸುತ್ತಿನ ಹಳ್ಳಿಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ಇಂದಿಗೂ ತಾಯಂದಿರು ಎತ್ತಿ ಸ್ನಾನ ಮಾಡಿಸುತ್ತಿದ್ದಾರೆ. ಮೈಸೂರಿನ ಆಸುಪಾಸಿನ ಟೊಮೆಟೊ ಹೊಲಗಳಿಗೆ ಹೋಗಿ ನೋಡಿದರೆ, ಮೂಗಿಗೆ ಟವೆಲು ಸುತ್ತಿ, ಬರಿಗೈಯಲ್ಲಿ ಔಷಧಿ ಕಲಸಿ, ಬರಿಗಾಲಿನಲ್ಲಿ ಸಾಲುಗಳ ನಡುವೆ ಸಿಂಪಡಿಸುತ್ತ ನಡೆಯುವ ಕೂಲಿಯವನು ಕಾಣಸಿಗುತ್ತಾನೆ. ಸಾವಯವದ ಚರ್ಚೆಯಲ್ಲಿ ತಟ್ಟೆಗೆ ಬರುವ ಅವಶೇಷದ ಮಾತೇ ಬಹಳ. ಇವನ ಶ್ವಾಸಕೋಶದ ಮಾತನ್ನು ಆಡುವವರು ವಿರಳ.

ಒಂದು ಪದ್ಧತಿಯನ್ನು ಆಜ್ಞೆಯಿಂದ ಹೇರುವ ಮೋಹವೂ ಸಲ್ಲದು. 2021ರ ಏಪ್ರಿಲ್‌ನಲ್ಲಿ ರಸಗೊಬ್ಬರಗಳ ಆಮದನ್ನು ಏಕಾಏಕಿ ನಿಲ್ಲಿಸಿದ ಶ್ರೀಲಂಕೆಯು ಅದೇ ವರ್ಷದ ನವೆಂಬರ್‌ನಲ್ಲಿ ಆ ನಿರ್ಧಾರದಿಂದ ಹಿಂದೆಗೆಯಬೇಕಾಯಿತು; ಆದರೂ ಭತ್ತದ ಇಳುವರಿ ಕುಸಿದು ಅಕ್ಕಿಯನ್ನು ಹೊರಗಿನಿಂದ ತರಿಸುವ ಸ್ಥಿತಿ ಒದಗಿತು. ಆ ತಪ್ಪಿನ ದಂಡವನ್ನು ತೆತ್ತವರು ಆಜ್ಞೆ ಹೊರಡಿಸಿದವರಲ್ಲ, ರೈತರು.

ಬೋಗಾದಿಯಂತಹ ಊರುಗಳ ನಿವಾಸಿಗಳು ತಮ್ಮ ಕರ್ತವ್ಯವನ್ನೂ ಅರಿಯಬೇಕು. ಹಳ್ಳಿಯ ಮಣ್ಣಿನ ಸಾರವೆಲ್ಲ ಧಾನ್ಯವಾಗಿ, ತರಕಾರಿಯಾಗಿ ನಗರಕ್ಕೆ ಬಂದು, ಇಲ್ಲಿಂದ ಚರಂಡಿಗೂ ವಿದ್ಯಾರಣ್ಯಪುರದ ಕಸದ ರಾಶಿಗೂ ಸೇರುತ್ತಿದೆ. ಅದು ಹೊಲಕ್ಕೆ ಹಿಂದಿರುಗದ ಹೊರತು ಸಾವಯವವೆಂಬ ಮಾತು ಪೂರ್ಣವಾಗದು. ಹಸಿಕಸವನ್ನು ಶುದ್ಧವಾಗಿ ಬೇರ್ಪಡಿಸಿ ಕೊಡುವ ಗೃಹಿಣಿಯು ಸಾವಯವ ಅಂಗಡಿಯ ಗಿರಾಕಿಗಿಂತ ಹೆಚ್ಚಿನ ಉಪಕಾರವನ್ನು ಮಾಡುತ್ತಾಳೆ. ಪ್ರಮಾಣೀಕರಣಕ್ಕಾಗಿ ರೈತನು ಪರಿವರ್ತನೆಯ ಎರಡು ಮೂರು ವರ್ಷ ಕಡಿಮೆ ಇಳುವರಿಯನ್ನು ಸಹಿಸಿ ಸಾಮಾನ್ಯ ಬೆಲೆಗೇ ಮಾರಬೇಕಾಗಿದೆ. ಆ ನಷ್ಟದಲ್ಲಿ ಪಾಲುಗೊಳ್ಳದೆ ಶುದ್ಧಾಹಾರವನ್ನು ಮಾತ್ರ ಬೇಡುವುದು ನ್ಯಾಯವಲ್ಲ. ಆಹಾರ ಸಂಶೋಧನೆಗೆ ಮೀಸಲಾದ ಸಿ.ಎಫ್.ಟಿ.ಆರ್.ಐ. 1950ರಿಂದ ನಮ್ಮೂರಿನಲ್ಲಿದೆ. ಅಂತಹ ಸಂಸ್ಥೆಯ ಜ್ಞಾನವನ್ನು ಬಳಸಿಕೊಂಡು ಮಾರುಕಟ್ಟೆಯ ತರಕಾರಿಯಲ್ಲಿರುವ ವಿಷಾಂಶವನ್ನು ಕ್ರಮವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಮಾರುಕಟ್ಟೆಯ ಬಾಗಿಲಲ್ಲಿಯೇ ಪ್ರಕಟಿಸಬೇಕೆಂದು ನಾಗರಿಕರು ಆಗ್ರಹಿಸಿದರೆ, ಚೀಟಿಯನ್ನು ನಂಬಿ ಕೊಳ್ಳುವ ಗತಿ ತಪ್ಪೀತು.

ಮಣ್ಣಿಗೆ ಮೊದಲು ತಿಪ್ಪೆಗೊಬ್ಬರ ಮತ್ತು ಅಕ್ಕಡಿ ಸಾಲಿನ ದ್ವಿದಳ ಬೆಳೆ, ಉಳಿದ ಕೊರತೆಗೆ ಮಣ್ಣು ಪರೀಕ್ಷೆಯ ಅಳತೆಯಂತೆ ರಸಗೊಬ್ಬರ, ವಿಷಕ್ಕೆ ವೈದ್ಯನ ಚೀಟಿಯಷ್ಟೇ ಕಠಿಣವಾದ ನಿರ್ಬಂಧ: ಸರ್ಕಾರವು ಈ ಮೂರನ್ನೂ ಒಟ್ಟಿಗೆ ಜಾರಿಗೆ ತರಲಿ, ಯೂರಿಯಾಕ್ಕೆ ಸುರಿಯುವ ಹಣದ ಒಂದು ಪಾಲನ್ನು ಗೊಬ್ಬರ ಮಾಡುವ ರೈತನ ಕೈಗೆ ಕೊಡಲಿ. ಯಾವ ಪಂಥಕ್ಕೂ ಸೇರದ ಸಣ್ಣ ಹಿಡುವಳಿದಾರನ ಹೊಲ ಉಳಿಯುವ ದಾರಿ ಇದೊಂದೇ.