ಎದೆಯ ಭಾರಕ್ಕೆ ಹದಿನೈದು ನಿಮಿಷದ ಕಥೆ

ನಲವತ್ತರ ಆಸುಪಾಸಿನ ಮಹಿಳೆ. ಸೊರಬ ತಾಲ್ಲೂಕಿನ ಕಾಡಂಚಿನ ಹಳ್ಳಿಯವರು. ತಲೆನೋವು, ಎದೆಬಡಿತ, ರಾತ್ರಿ ನಿದ್ದೆ ಇಲ್ಲ ಎಂದು ನನ್ನಲ್ಲಿಗೆ ಬಂದಿದ್ದರು. ರಕ್ತದೊತ್ತಡ ಸರಿಯಾಗಿತ್ತು, ಇ.ಸಿ.ಜಿ. ಸರಿಯಾಗಿತ್ತು, ರಕ್ತಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ. ಎರಡು ತಿಂಗಳು ನಿದ್ರೆ ಮಾತ್ರೆ ಕೊಟ್ಟೆ. ಅದು ನನ್ನ ಸೋಮಾರಿತನ. ಗಂಡ ಮಂಗನ ಕಾಯಿಲೆಯಿಂದ ತೀರಿಕೊಂಡಿದ್ದರು ಎಂಬುದನ್ನು ಮೂರನೆಯ ಭೇಟಿಯಲ್ಲಷ್ಟೇ ಕೇಳಿ ತಿಳಿದೆ. ಹೆಚ್ಚಿಗೆ ಕೇಳಿದರೆ ಸೆರಗಿನ ತುದಿ ಹಿಂಡುತ್ತಾ ಸುಮ್ಮನೆ ಕೂರುತ್ತಿದ್ದರು.

ಏಳನೆಯ ತರಗತಿ ಓದಿದ್ದರು. ನೂರು ಪುಟದ ಒಂದು ನೋಟ್ ಪುಸ್ತಕ ಕೊಟ್ಟು, "ನಿಮ್ಮ ವಿಷಯ ಬರೆಯಬೇಡಿ. ಬೇರೆ ಯಾರದೋ ಕಥೆ ಬರೆಯಿರಿ. ದಿನಕ್ಕೆ ಹದಿನೈದು ನಿಮಿಷ ಸಾಕು" ಎಂದೆ. ಐದು ವಾರದ ನಂತರ ಪುಸ್ತಕ ತಂದರು. ಹೆಸರು ಬೇರೆ, ಊರು ಬೇರೆ. ಆ ಕಥೆಯಲ್ಲಿ ಹೆಂಡತಿ ಗಂಡನನ್ನು ತರಗೆಲೆ ತರಲು ಕಾಡಿಗೆ ಕಳಿಸುವುದಿಲ್ಲ. ಇಷ್ಟು ದಿನ ಹೊತ್ತಿದ್ದ ಭಾರ ಯಾವುದೆಂದು ಆಗ ನನಗೆ ತಿಳಿಯಿತು. ತಲೆನೋವು ಪೂರ್ತಿ ಹೋಗಲಿಲ್ಲ. ಆದರೆ ಆ ದಿನ ಅವರು ಅತ್ತರು, ಮಾತಾಡಿದರು. ನಿದ್ದೆ ನಿಧಾನವಾಗಿ ಮರಳಿತು.

ಈ ಕಾಯಿಲೆಯನ್ನು ಜಗತ್ತು ಮೊದಲು ಗುರುತಿಸಿದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ವೈದ್ಯಗ್ರಂಥಗಳಲ್ಲಿ ಆ ಕಾಡಿನ ಹೆಸರು ಉಳಿದಿದೆ. ಉಣುಗು ಕಚ್ಚಿ ಜ್ವರ ಬಂದವರ ಲೆಕ್ಕವನ್ನು ಸರ್ಕಾರ ಇಡುತ್ತದೆ. ಹಿಂದೆ ಉಳಿದವರ ಮನಸ್ಸಿನ ಲೆಕ್ಕ ಇಡುವವರು ಯಾರು?

ಸಂಶೋಧನೆ ಏನು ಹೇಳುತ್ತದೆ?

ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ತಮಗಾದ ಆಘಾತವನ್ನೂ ಅದರಿಂದಾದ ನೋವನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆಸ್ಪತ್ರೆಗೆ ಹೋದದ್ದು ಕಡಿಮೆ. 1999ರಲ್ಲಿ 112 ಮಂದಿ ಅಸ್ತಮಾ ಮತ್ತು ಕೀಲುವಾತದ ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಮನಸ್ಸಿನ ನೋವು ಬರೆದವರಲ್ಲಿ ನಾಲ್ಕು ತಿಂಗಳ ನಂತರ ಸುಧಾರಣೆ ಕಂಡಿತು.

ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು 1996ರ ಇನ್ನೊಂದು ಅಧ್ಯಯನ. ಅದರಲ್ಲಿ ಕೆಲವರು ತಮ್ಮದೇ ನೋವು ಬರೆದರು, ಕೆಲವರು ತಮಗಾಗದ, ಬರೀ ಕಲ್ಪಿಸಿಕೊಂಡ ನೋವು ಬರೆದರು. ಇಬ್ಬರಿಗೂ ಲಾಭವಾಯಿತು. ಹಾಗಾದರೆ ಕಲ್ಪನೆಗೂ ಗುಣವಿದೆ ಎಂದಾಯಿತು. 'ನಾನು' ಎನ್ನಲಾಗದ್ದನ್ನು 'ಅವಳು' ಎಂದು ಹೇಳಬಹುದು.

ಆದರೆ ಉತ್ಪ್ರೇಕ್ಷೆ ಬೇಡ. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪರಿಶೀಲಿಸಿದಾಗ ಲಾಭ ಇದೆ, ಆದರೆ ಸಣ್ಣದು ಎಂದು ಕಂಡಿತು. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಕಥೆ ಬರೆಯಿರಿ ಎಂದು ಯಾರೂ ಹೇಳುತ್ತಿಲ್ಲ.

ನಮ್ಮ ನೆಲದ ರೂಢಿ

ಇದು ಪರದೇಶದ ಹೊಸ ಸರಕೇನಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮನನ್ನು ನೆನೆಯಿರಿ. ಹರಿಹರ ಹೇಳುವಂತೆ ಮದ್ದಳೆ ಬಾರಿಸುತ್ತಿದ್ದ ಅಲ್ಲಮ, ಹೆಂಡತಿ ಕಮಲತೆ ಜ್ವರದಲ್ಲಿ ತೀರಿಕೊಂಡಾಗ ಹುಚ್ಚನಂತೆ ಅಲೆದ. ಆಮೇಲೆ ಅವನಿಂದ ಬಂದ ಮಾತುಗಳನ್ನು ಕನ್ನಡ ಇಂದಿಗೂ ಓದುತ್ತಿದೆ. ಪಕ್ಕದ ಸಾಗರದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರಿ ಮಾಡುತ್ತಲೇ ಬರೆದರು. ಶರಾವತಿಯಲ್ಲಿ ಮುಳುಗಿದವರ ಸಂಕಟ ಅವರ 'ದ್ವೀಪ' ಕಾದಂಬರಿಯಾಯಿತು. ನಾವೆಲ್ಲ ಅಲ್ಲಮ, ಡಿಸೋಜ ಆಗಬೇಕಿಲ್ಲ. ಹಾಡಲು ಬಾರದವನೂ ಗುನುಗುವುದಿಲ್ಲವೇ?

ಹೀಗೆ ಅಭ್ಯಾಸ ಮಾಡಿ

1. ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಕಂಡ ಅಪರಿಚಿತರೊಬ್ಬರ ಚೀಲದಲ್ಲಿ ಏನಿರಬಹುದು? ಮೂರು ವಸ್ತು ಹೆಸರಿಸಿ, ಅವು ಅಲ್ಲಿಗೆ ಹೇಗೆ ಬಂದವೆಂದು ಬರೆಯಿರಿ.

2. ವಸ್ತುವೊಂದಕ್ಕೆ ಬಾಯಿ ಕೊಡಿ. ಸೊರಬದ ಗುಡಿಗಾರರ ಉಳಿ ಮಾತಾಡಿದರೆ ಏನೆಂದೀತು? ಗಂಧದ ತುಂಡು ಏನು ಉತ್ತರಿಸೀತು?

3. ಅಜ್ಜಿ ಹೇಳಿದ ಕಥೆಯೊಂದರ ಕೊನೆ ಬದಲಿಸಿ.

4. ಮಳೆಗಾಲದಲ್ಲಿ ಗುಡವಿಗೆ ಗೂಡು ಕಟ್ಟಲು ಬರುವ ಬಿಳಿ ಕೆಂಬರಲು ತನ್ನ ಹಳೆಯ ಮರವನ್ನು ಕಾಣದೆ ಹೋದರೆ? ಹತ್ತು ಸಾಲು ಬರೆಯಿರಿ.

5. ಇವೆಲ್ಲ ರೂಢಿಯಾದ ಮೇಲೆ, ನಿಮ್ಮದೇ ಒಂದು ಸಣ್ಣ ಜಗಳವನ್ನು ಎದುರಾಳಿಯ ಬಾಯಿಂದ ಹೇಳಿಸಿ. ದೊಡ್ಡ ದುಃಖದಿಂದ ಶುರು ಮಾಡಬೇಡಿ.

ಕಾಗುಣಿತ ನೋಡಬೇಡಿ. ಯಾರಿಗೂ ತೋರಿಸಬೇಕಿಲ್ಲ. ಹಾಲು ಕರೆದ ಮೇಲೆ, ದೀಪ ಹಚ್ಚಿದ ಮೇಲೆ ಎಂದು ಈಗಾಗಲೇ ಇರುವ ಒಂದು ಕೆಲಸದ ಬಾಲಕ್ಕೆ ಬರವಣಿಗೆಯನ್ನು ಕಟ್ಟಿ. ಲಂಡನ್ನಿನಲ್ಲಿ 96 ಮಂದಿಯನ್ನು ಗಮನಿಸಿದ ಅಧ್ಯಯನದ ಪ್ರಕಾರ ಹೊಸ ಅಭ್ಯಾಸ ಬೇರೂರಲು ಸುಮಾರು 66 ದಿನ ಬೇಕು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನವಾದೀತು. ಒಂದು ದಿನ ತಪ್ಪಿದರೆ ಕೆಡುವುದೇನೂ ಇಲ್ಲ. ಮಾರನೆಯ ದಿನ ಮತ್ತೆ ಕುಳಿತರೆ ಆಯಿತು.

ಎಚ್ಚರಿಕೆಯ ಮಾತು

ನೋವಿನ ವಿಷಯ ಬರೆದಾಗ ಮೊದಲ ಒಂದೆರಡು ದಿನ ಮನಸ್ಸು ಇನ್ನಷ್ಟು ಭಾರವಾಗುವುದುಂಟು. ಅದು ಇಳಿಯದಿದ್ದರೆ ಬರೆಯುವುದನ್ನು ನಿಲ್ಲಿಸಿ. ಸಾಯುವ ಯೋಚನೆ ಬಂದರೆ, ವಾರಗಟ್ಟಲೆ ನಿದ್ದೆ-ಊಟ ಕೆಟ್ಟರೆ ತಡಮಾಡದೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕಥೆ ಬರೆಯುವುದು ಕೆಲಸವಿಲ್ಲದವರ ಕೆಲಸ ಎಂಬ ಮಾತು ನಮ್ಮಲ್ಲಿದೆ. ಜೋಳದ ಹೊಲ, ಶುಂಠಿಯ ಸಾಲ, ಅಡಿಕೆಯ ಕೊಳೆರೋಗದ ನಡುವೆ ಪುರುಸೊತ್ತೆಲ್ಲಿ ಎಂಬ ಪ್ರಶ್ನೆಯೂ ನ್ಯಾಯವೇ. ಆದರೆ ಟಿ.ವಿ. ಧಾರಾವಾಹಿಗೆ, ಮೊಬೈಲಿಗೆ ಪುರುಸೊತ್ತು ಸಿಗುತ್ತದಲ್ಲ! ಶಾಲೆಗಳೂ ಬದಲಾಗಬೇಕು. ಗೈಡಿನಿಂದ ಉರು ಹೊಡೆದ ಪ್ರಬಂಧದ ಬದಲು ವಾರಕ್ಕೊಂದು ಗಂಟೆ, ಅಂಕವಿಲ್ಲದೆ, ಮಕ್ಕಳು ಮನಸ್ಸಿಗೆ ಬಂದ ಕಥೆ ಬರೆಯಲಿ. ಹಳ್ಳಿಯ ಗ್ರಂಥಾಲಯದ ಮೇಜಿನ ಮೇಲೆ ದಿನಪತ್ರಿಕೆಯ ಪಕ್ಕದಲ್ಲಿ ಒಂದು ಖಾಲಿ ನೋಟ್ ಪುಸ್ತಕವೂ ಇರಲಿ. ಅದಕ್ಕೆ ತಗಲುವ ಖರ್ಚು ಒಂದು ಸ್ಕ್ಯಾನಿಂಗಿನ ಖರ್ಚಿಗಿಂತ ಎಷ್ಟೋ ಕಡಿಮೆ.

ಆ ತಾಯಿ ಮೊನ್ನೆ ಮತ್ತೆ ಬಂದಿದ್ದರು. ಈ ಸಲ ಮಾತ್ರೆ ಕೇಳಲಿಲ್ಲ. "ಪುಸ್ತಕ ಮುಗೀತು, ಇನ್ನೊಂದು ಇದೆಯಾ?" ಎಂದು ಕೇಳಿದರು.