ತೆಪ್ಪದ ಮೇಲೆ ಸಿಡಿಲು

ದೋಣಿ ಮೇಲೆ ಸಿಡಿಲು ಬಿದ್ರೆ "ಅವನ ಹಣೆಬರಹ" ಅಂತ ಮಾತು ಮುಗಿಸ್ತಾರೆ. 1831ರಲ್ಲಿ ಡಾರ್ವಿನ್ ಹೊರಟ ಬೀಗಲ್ ಹಡಗಿಗೇ ಸಿಡಿಲಿನ ರಕ್ಷಣೆ ಇತ್ತು ಗೆಳೆಯರೇ. ವಿಲಿಯಂ ಸ್ನೋ ಹ್ಯಾರಿಸ್ ರೂಪಿಸಿದ್ದು: ಪಟಗಂಬದುದ್ದಕ್ಕೂ ತಾಮ್ರದ ಪಟ್ಟಿ, ಅಲ್ಲಿಂದ ನೀರಿಗೆ. (ಸಾಮ್ರಾಜ್ಯದ ಹಡಗಿಗೆ ಹಣೆಬರಹ ಇರಲಿಲ್ಲ ನೋಡಿ!) ಈಗಲೂ ಉಪಾಯ ಅದೇ. ಎತ್ತರದಲ್ಲಿ ಲೋಹದ ಕಡ್ಡಿ, ದಪ್ಪ ತಾಮ್ರದ ತಂತಿ ನೇರ ಕೆಳಕ್ಕೆ, ನೀರೊಳಗೆ ಸುಮಾರು ಒಂದು ಚದರ ಅಡಿ ಲೋಹದ ತಗಡು. ಈ ದಾರಿ ಇಲ್ಲದಿದ್ರೆ ಸಿಡಿಲು ಫೈಬರ್ ದೋಣಿಯ ತಳವನ್ನೇ ತೂತು ಮಾಡ್ಕೊಂಡು ಹೋಗಬಹುದು.

ನಮ್ಮ ಕೇರಿ ಹುಡುಗರು ಹಿನ್ನೀರಿಗೆ ಇಳಿಸೋ ತೆಪ್ಪಕ್ಕೆ ಕಂಬವೇ ಇಲ್ಲ. ಕೂತ ಮನುಷ್ಯನೇ ಅಲ್ಲಿ ಎತ್ತರ. ಅವರಿಗಿರೋದು ದಾಮಿನಿ ಆ್ಯಪ್ ನೋಡೋದು, ಗುಡುಗಿದ ಕೂಡ್ಲೇ ದಡ ಸೇರೋದು. ಬಲೆ ಬಿಟ್ಟು ಬಂದ ದಿನದ ಕೂಲಿ ಯಾರು ಕೊಡ್ತಾರೆ? ಸಬ್ಸಿಡಿ ದೋಣಿ ಹಂಚಿ ಫೋಟೋ ತೆಗೆಸ್ಕೊಳ್ಳೋರನ್ನ ಇಷ್ಟೇ ಕೇಳಿ: ತಾಮ್ರದ ತಂತಿ ಎಲ್ಲಿ ಸ್ವಾಮಿ?