ಬೇಯಿಸುವ ಒಲೆಯ ಹೊಗೆ ಮತ್ತು ಮಿದುಳು

ಅಡಿಕೆ ಕೊಯ್ಲು ಶುರುವಾಯಿತೆಂದರೆ ನಮ್ಮ ಮನೆಗಳ ಹಿಂದೆ ಹಂಡೆಯ ಒಲೆ ಆರುವುದೇ ಇಲ್ಲ. ಹೊಗೆಯಿಂದ ಕಣ್ಣುರಿ, ಕೆಮ್ಮು ಬರುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಅದೇ ಹೊಗೆ ಮಿದುಳಿಗೂ ಕೆಡುಕು ಮಾಡೀತೆಂಬ ಮಾತು ನಮ್ಮ ಸಭೆಗಳಲ್ಲಿ ಬರುವುದು ಅಪರೂಪ.

ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಕಣಗಳೇ ಹೆಚ್ಚು ಅಪಾಯಕಾರಿ. 2.5 ಮೈಕ್ರಾನ್ ಗಾತ್ರದ ಕಣವೆಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲು. ಇಂಥವು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ತೀರ ಸಣ್ಣವು ರಕ್ತವನ್ನೂ ಸೇರುತ್ತವೆ. ಮೂಗಿನಿಂದ ವಾಸನೆಯ ನರದ ಗುಂಟ ಮಿದುಳಿಗೆ ಹೋಗುವ ಒಳದಾರಿಯೂ ಉಂಟು. ಮೆಕ್ಸಿಕೋ ನಗರದಲ್ಲಿ ಡಾ. ಲಿಲಿಯನ್ ಕಾಲ್ಡೆರಾನ್ ಅವರು ಮೊದಲು ನಾಯಿಗಳ, ಅನಂತರ ಮಕ್ಕಳ ಮತ್ತು ಯುವಕರ ಮಿದುಳಿನಲ್ಲಿ ಉರಿಯೂತ ಗುರುತಿಸಿದರು. 2016ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಬಾರ್ಬರಾ ಮಾಹೆರ್ ಮತ್ತು ಸಂಗಡಿಗರು ಮೆಕ್ಸಿಕೋ ನಗರ ಹಾಗೂ ಮ್ಯಾಂಚೆಸ್ಟರಿನಲ್ಲಿ ಬಾಳಿದ್ದ 37 ಮಂದಿಯ ಮಿದುಳನ್ನು ಪರೀಕ್ಷಿಸಿದಾಗ, ಹೆಚ್ಚು ಕಾವಿನಲ್ಲಿ ಹುಟ್ಟುವಂಥ ಕಬ್ಬಿಣದ ಆಕ್ಸೈಡಿನ ಗುಂಡನೆಯ ಕಣಗಳು ಸಿಕ್ಕವು. 2020ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು, ಮುಪ್ಪಿನ ಮರೆಗುಳಿ ರೋಗಕ್ಕೆ ಇಂಬು ಕೊಡುವ, ಆದರೆ ನಾವು ತಪ್ಪಿಸಬಹುದಾದ ಕಾರಣಗಳ ಪಟ್ಟಿಗೆ ವಾಯುಮಾಲಿನ್ಯವನ್ನೂ ಸೇರಿಸಿತು.

ಇದು ಪಟ್ಟಣದವರ ಪಾಡು, ನಮ್ಮ ಮಲೆನಾಡಿನ ಗಾಳಿ ಶುದ್ಧ ಎನ್ನುವವರಿದ್ದಾರೆ. ಮೇಲಿನ ಪರೀಕ್ಷೆಗಳು ಪಟ್ಟಣದವರ ಮೇಲೆ ನಡೆದವು, ನಿಜ. ಆದರೆ ಸೌದೆಯ ಹೊಗೆಯ ಕಣಗಳೂ ಬಹುಪಾಲು ಒಂದು ಮೈಕ್ರಾನಿಗಿಂತ ಸಣ್ಣವೇ. ಗುಡ್ಡದ ಮೇಲಿನ ಗಾಳಿ ಶುದ್ಧವಿದ್ದರೆ, ತಗಡಿನ ಮಾಡಿನ ಕೆಳಗೆ ಹಸಿ ಸಿಪ್ಪೆ ತುರುಕಿದ ಒಲೆಯೆದುರು ರಾತ್ರಿಯೆಲ್ಲ ಕೂರುವವರಿಗೆ ಏನು ಬಂತು? ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ನಮ್ಮ ದೇಶದ ಮಿತಿ 40. ಎರಡನ್ನೂ ನಮ್ಮ ಒಲೆಯ ಮುಂದೆ ಅಳೆಯಲು ಯಾರೂ ಬರುವುದಿಲ್ಲ. ಕಾಫಿ ತೋಟದ ಲೈನ್ ಮನೆಗಳಲ್ಲಿ, ಕಿಟಕಿಯಿಲ್ಲದ ಅಡುಗೆ ಕೋಣೆಗಳ ಕಥೆಯಂತೂ ವರ್ಷವಿಡೀ ಇದೇ.

ಸ್ಪ್ರಿಂಕ್ಲರಿಗೆ, ಅಡಿಕೆ ಸುಲಿಯುವ ಯಂತ್ರಕ್ಕೆ ಸಾಲ ಕೊಡುವ ಸಂಘ, ಹೊಗೆ ಕೊಳವೆಯುಳ್ಳ ಒಲೆಗೂ ಕೊಡಬೇಕೆಂಬುದು ನಮ್ಮ ಆಗ್ರಹ. ಕೊಳವೆ ಮಾಡಿಗಿಂತ ಮೇಲೇರಿರಬೇಕು, ಕೊಯ್ಲಿಗೆ ಮೊದಲು ಮಸಿ ತೆಗೆಯಬೇಕು, ಸೌದೆ ಒಣಗಿರಬೇಕು. ಖರ್ಚು ದೊಡ್ಡದಲ್ಲ. ಇಷ್ಟು ದಿನ ಯಾರೂ ಕೇಳದಿರುವುದಕ್ಕೆ ಕಾರಣವೂ ಸರಳ: ಸಾಲದ ಅರ್ಜಿಗೆ ಸಹಿ ಹಾಕುವವರು ಬೇರೆ, ಒಲೆಯ ಮುಂದೆ ಕೂರುವವರು ಬೇರೆ.

ಮುಂದಿನ ಮಹಾಸಭೆಗೆ ಈ ವಿಷಯ ಬರಲೇಬೇಕು. ಅದಕ್ಕೂ ಮುಂಚೆ, ತಮ್ಮಲ್ಲಿ ಬೇಯಿಸುವ ಒಲೆ ಎಷ್ಟು, ಕೊಳವೆ ಇದ್ದವು ಎಷ್ಟು ಎಂಬುದನ್ನು ಸದಸ್ಯರು ಕಾರ್ಯದರ್ಶಿಯವರಿಗೆ ಒಂದು ಕಾರ್ಡಿನಲ್ಲಿ ಬರೆದು ತಿಳಿಸಬೇಕು. ಮನೆಯ ಹೆಂಗಸರೇ ಬರೆದರೆ ಇನ್ನೂ ಒಳ್ಳೆಯದು.